ಹದಿನಾಲ್ಕು ವರ್ಷ ಪಾಠ ಮಾಡಿದ ಮೇಲೆ ಇನ್ನೊಂದು ಎಂ.ಎ. ಏಕೆ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಜೊತೆಗೆ ಬಿ.ಎಡ್. ಆಗಿದೆ. ಈಗ ಅನ್ವಯಿಕ ಭಾಷಾವಿಜ್ಞಾನ ಓದುವ ಆಸೆ. "ಒಂದು ಎಂ.ಎ. ಇದೆಯಲ್ಲ, ಪಾಠ ಮಾಡುವುದೂ ಗೊತ್ತಿದೆಯಲ್ಲ, ಇನ್ನೇನು ಬೇಕು?" ಎಂದು ಮನೆಯಲ್ಲೂ ಶಾಲೆಯಲ್ಲೂ ಕೇಳುತ್ತಾರೆ. ನನ್ನ ಬಳಿ ಸರಿಯಾದ ಉತ್ತರವಿಲ್ಲ. ಎಂಟನೇ ತರಗತಿಯಲ್ಲಿ ತಿದ್ದಿದ ತಪ್ಪನ್ನೇ ಮಕ್ಕಳು ಹತ್ತನೇ ತರಗತಿಯಲ್ಲೂ ಬರೆಯುತ್ತಾರೆ ಮೇಡಂ, ಅದೊಂದು ಮಾತ್ರ ನನ್ನನ್ನು ಕಾಡುತ್ತಿದೆ.
— ಶಿಕ್ಷಕಿ, ಸಾಗರ ತಾಲ್ಲೂಕು

ಉತ್ತರ: ಉತ್ತರವಿಲ್ಲ ಎಂದಿರಿ, ಆದರೆ ನಿಮ್ಮ ಪತ್ರದ ಕೊನೆಯ ಸಾಲೇ ಉತ್ತರ. ಸಾಹಿತ್ಯದ ಎಂ.ಎ. ಕವಿತೆಯನ್ನು, ನಾಟಕವನ್ನು ಓದುವುದು ಕಲಿಸಿತು. ಬಿ.ಎಡ್. ಪಾಠಯೋಜನೆ ಬರೆಯುವುದು ಕಲಿಸಿತು. ಹದಿಮೂರು ವರ್ಷದ ಹುಡುಗಿಯ ಮನಸ್ಸಿನಲ್ಲಿ ಎರಡನೆಯ ಭಾಷೆ ಹೇಗೆ ಕಟ್ಟಿಕೊಳ್ಳುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ ಎಂಬುದು ಎರಡರಲ್ಲೂ ಬರಲಿಲ್ಲ. ಅನ್ವಯಿಕ ಭಾಷಾವಿಜ್ಞಾನದ ದೊಡ್ಡ ಭಾಗ ಅದೇ.

ಒಂದು ವಾಕ್ಯ ಹಿಡಿದು ನೋಡೋಣ. "ಐ ಆ್ಯಮ್ ಗೋ ಟು ಸ್ಕೂಲ್." ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿಸಿದವರೆಲ್ಲ ಇದನ್ನು ನೋಟ್‌ಬುಕ್ಕುಗಳಲ್ಲಿ ನೋಡಿರುತ್ತಾರೆ. ಸ್ಟಾಫ್ ರೂಮಿನಲ್ಲಿ ಕಾರಣ ಕೇಳಿದರೆ, "ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಅದಕ್ಕೇ ಹೀಗೆ" ಎನ್ನುತ್ತಾರೆ. ನಿಜವೇ? ಕನ್ನಡದಲ್ಲಿ "ನಾನು ಶಾಲೆಗೆ ಹೋಗುತ್ತೇನೆ" ಎನ್ನುತ್ತೇವೆ. ಇದರಲ್ಲಿ "ಆ್ಯಮ್"ನ ಜಾಗದಲ್ಲಿ ಏನೂ ಇಲ್ಲ. "ನಾನು ವಿದ್ಯಾರ್ಥಿನಿ", "ಅವರು ಡಾಕ್ಟರು" ಎನ್ನುವಾಗಲಂತೂ ನಮಗೆ ಕ್ರಿಯಾಪದವೇ ಬೇಡ. ಕನ್ನಡದ ಪ್ರಭಾವವೇ ಆಗಿದ್ದರೆ ಮಗು "ಆ್ಯಮ್" ಅನ್ನು ಬಿಟ್ಟುಬಿಡಬೇಕಿತ್ತು. ಅದು ಸೇರಿಸುತ್ತಿದೆ.

ಹಾಗಾದರೆ ಎಲ್ಲಿಂದ ಬಂತು? ಇಂಗ್ಲಿಷ್ ಶುರುವಾದ ದಿನದಿಂದ ಮಗು ಕೇಳಿದ್ದು, ಹೇಳಿದ್ದು "ಐ ಆ್ಯಮ್ ರಾಧಾ", "ಐ ಆ್ಯಮ್ ಎ ಗರ್ಲ್". ಹಾಗಾಗಿ "ಐ ಆ್ಯಮ್" ಎಂಬುದು ಒಟ್ಟಾಗಿ "ನಾನು" ಎಂದೇ ಅದು ಹಿಡಿದುಕೊಂಡಿದೆ. ಹಿಡಿದ ಮೇಲೆ ನಿಯಮ ತಪ್ಪದೆ ಎಲ್ಲ ಕಡೆಯೂ ಬಳಸುತ್ತಿದೆ. ಬೇರೆ ಬೇರೆ ಮಾತೃಭಾಷೆಯ ಮಕ್ಕಳಲ್ಲೂ ಇದೇ ತಪ್ಪು ಕಾಣುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನದ ಶಾಲೆ 1957ರಲ್ಲಿ ಆರಂಭವಾಯಿತು. ಅಲ್ಲಿ ಕಲಿಸಿದ ಪಿಟ್ ಕಾರ್ಡರ್ 1967ರಲ್ಲಿ ಹೇಳಿದ್ದು ಇದನ್ನೇ: ಕಲಿಯುವವರ ತಪ್ಪುಗಳು ಅವರು ಆವರೆಗೆ ಕಟ್ಟಿಕೊಂಡ ವ್ಯವಸ್ಥೆಯನ್ನು ತೋರಿಸುತ್ತವೆ. 1972ರಲ್ಲಿ ಭಾಷಾವಿಜ್ಞಾನಿ ಲ್ಯಾರಿ ಸೆಲಿಂಕರ್ ಆ ವ್ಯವಸ್ಥೆಗೆ "ಇಂಟರ್‌ಲ್ಯಾಂಗ್ವೇಜ್" ಎಂದು ಹೆಸರಿಟ್ಟರು. ಅದು ಮಾತೃಭಾಷೆಯೂ ಅಲ್ಲ, ಗುರಿಯ ಭಾಷೆಯೂ ಅಲ್ಲ, ತನ್ನದೇ ನಿಯಮಗಳಿರುವ ಮೂರನೆಯದು. ಅದರ ಕೆಲವು ಭಾಗಗಳು ಗಟ್ಟಿಯಾಗಿ ಕೂತುಬಿಟ್ಟರೆ ವರ್ಷಗಟ್ಟಲೆ ಅಲುಗಾಡುವುದಿಲ್ಲ. ನಿಮ್ಮ ಎಂಟನೇ ತರಗತಿಯ ತಪ್ಪು ಹತ್ತರಲ್ಲೂ ಉಳಿದಿರುವುದು ಹೀಗೆ.

ನಾನು ಇದನ್ನು ಓದಿದ್ದು ಹಾವೇರಿ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಬಹಳ ಕಾಲ ಕಲಿಸಿ, ಆಮೇಲೆ ಹೈದರಾಬಾದಿಗೆ ಹೋಗಿ. ಊರಿಗೆ ಮರಳಿದ ಮೇಲೆ ನಾನು ಮೊದಲು ಬದಲಿಸಿದ್ದು ತಿದ್ದುವ ಕ್ರಮವನ್ನು. "ಆ್ಯಮ್" ಕೆಳಗೆ ಗೆರೆ ಎಳೆಯುವುದನ್ನು ನಿಲ್ಲಿಸಿದೆ. ಬೋರ್ಡನ್ನು ಎರಡು ಭಾಗ ಮಾಡಿ ಒಂದು ಕಡೆ "ನಾನು ಏನಾಗಿದ್ದೇನೆ", ಇನ್ನೊಂದು ಕಡೆ "ನಾನು ಏನು ಮಾಡುತ್ತೇನೆ" ಎಂದು ಕನ್ನಡದಲ್ಲೇ ಬರೆದೆ. ತಮ್ಮ ನೋಟ್‌ಬುಕ್ಕಿನ ವಾಕ್ಯಗಳನ್ನು ಮಕ್ಕಳೇ ಎದ್ದು ಬಂದು ಯಾವ ಕಡೆಗೆ ಸೇರುತ್ತದೋ ಅಲ್ಲಿ ಬರೆಯಬೇಕು. ಎಡಗಡೆಯ ವಾಕ್ಯಗಳಿಗೆಲ್ಲ "ಆ್ಯಮ್" ಇದೆ, ಬಲಗಡೆ ಅದಕ್ಕೆ ಕೆಲಸವಿಲ್ಲ ಎಂಬುದನ್ನು ಹಿಂದಿನ ಬೆಂಚಿನ ಹುಡುಗನೊಬ್ಬ ನನಗಿಂತ ಮೊದಲು ಹೇಳಿಬಿಟ್ಟ. ಎಲ್ಲರ ತಪ್ಪೂ ಹೋಯಿತು ಎಂದು ನಾನು ಹೇಳಲಾರೆ. ಆದರೆ ಎಲ್ಲಿ ಕೈ ಹಾಕಬೇಕು ಎಂಬುದು ನನಗೆ ತಿಳಿಯಿತು.

ಅನುಭವಿಗಳಿಗೆ ಈ ಓದು ಹೆಚ್ಚು ದಕ್ಕುವುದು ಇದೇ ಕಾರಣಕ್ಕೆ. ಆಗ ತಾನೇ ಪದವಿ ಮುಗಿಸಿ ಬಂದವರು ಸೆಲಿಂಕರ್ ಅವರನ್ನು ಪರೀಕ್ಷೆಗಾಗಿ ಓದುತ್ತಾರೆ. ನೀವು ಓದುವಾಗ ಪ್ರತಿ ಪುಟಕ್ಕೂ ಒಬ್ಬ ವಿದ್ಯಾರ್ಥಿಯ ಮುಖ ನೆನಪಾಗುತ್ತದೆ.

ಒಂದು ನಿರೀಕ್ಷೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ. "ಅತ್ಯುತ್ತಮ ವಿಧಾನ"ವನ್ನು ಯಾರೋ ಕೈಗೆ ಕೊಡುತ್ತಾರೆ ಎಂದು ಹೋದರೆ ನಿರಾಸೆಯಾಗುತ್ತದೆ. ಅಂಥದ್ದಿಲ್ಲ ಎಂದು ಖಚಿತವಾಗಿ ಹೇಳಿದವರು ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು. ಅವರ ಮುಂದಾಳತ್ವದಲ್ಲಿ 1979ರಿಂದ 1984ರವರೆಗೆ ನಡೆದ ಬೆಂಗಳೂರು ಪ್ರಾಜೆಕ್ಟ್ ಎಂಬ ಇಂಗ್ಲಿಷ್ ಬೋಧನೆಯ ಪ್ರಯೋಗ ಜಗತ್ತಿನ ಹಲವು ಕಡೆಯ ಅನ್ವಯಿಕ ಭಾಷಾವಿಜ್ಞಾನದ ತರಗತಿಗಳಲ್ಲಿ ಪಾಠವಾಗಿದೆ. ನಮ್ಮ ಶಿಕ್ಷಕರಲ್ಲಿ ಎಷ್ಟೋ ಜನರಿಗೆ ಅದರ ಹೆಸರೂ ತಿಳಿಯದಿರುವುದು ನನಗೆ ನೋವಿನ ಸಂಗತಿ. ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳ ತುಂಬಿದ ತರಗತಿಗಳಲ್ಲಿ ವ್ಯಾಕರಣದ ಪಾಠವನ್ನು ಬದಿಗಿಟ್ಟು ಅವರು ಮಕ್ಕಳಿಗೆ ಕೆಲಸ ಕೊಟ್ಟರು. ರೈಲು ವೇಳಾಪಟ್ಟಿಯೊಂದನ್ನು ಮುಂದಿಟ್ಟು, ಯಾವ ರೈಲು ಹಿಡಿದರೆ ಹೊತ್ತಿಗೆ ಸರಿಯಾಗಿ ತಲುಪಬಹುದು ಎಂದು ಶಿಕ್ಷಕರು ಇಡೀ ತರಗತಿಯೊಡನೆ ಇಂಗ್ಲಿಷಿನಲ್ಲೇ ಲೆಕ್ಕ ಹಾಕುತ್ತಿದ್ದರು. ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವಾಗಿ ಬಿಡಿಸಬೇಕು. ಉತ್ತರ ಸರಿಯೇ ಎಂಬುದು ಮುಖ್ಯ, ವಾಕ್ಯ ಹೇಗಿದೆ ಎಂಬುದು ಆಮೇಲೆ. ಇಷ್ಟು ದೊಡ್ಡ ಪ್ರಯೋಗ ನಡೆಸಿದ ಪ್ರಭು ಅವರೇ 1990ರ ಲೇಖನದಲ್ಲಿ, ಎಲ್ಲರಿಗೂ ಒಪ್ಪುವ ಒಂದು ವಿಧಾನವಿಲ್ಲ, ತಾನು ಮಾಡುತ್ತಿರುವುದು ಹೇಗೆ ಫಲ ಕೊಡುತ್ತದೆ ಎಂಬ ಬಗ್ಗೆ ಶಿಕ್ಷಕರೊಳಗೆ ಜೀವಂತವಾದ ತಿಳಿವಳಿಕೆ ಇರಬೇಕು ಎಂದು ವಾದಿಸಿದರು. ಒಳ್ಳೆಯ ಕೋರ್ಸು ಆ ತಿಳಿವಳಿಕೆಯನ್ನು ಕೆದಕುತ್ತದೆ.

ಎಲ್ಲಿ ಓದಬೇಕು? ಹೈದರಾಬಾದಿನ ಇಫ್ಲು, ಅಂದರೆ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಾಗಿ ಶುರುವಾದದ್ದೇ ಶಿಕ್ಷಕರಿಗಾಗಿ. ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಸರ್ಟಿಫಿಕೇಟ್ ಮತ್ತು ಡಿಪ್ಲೊಮಾಗಳನ್ನು ಅದು ದೂರಶಿಕ್ಷಣದಲ್ಲೂ ನಡೆಸಿಕೊಂಡು ಬಂದಿದೆ. ನೌಕರಿ ಬಿಡಲಾಗದ ನಿಮ್ಮಂಥವರು ಮೊದಲು ಅದನ್ನು ವಿಚಾರಿಸಿ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನ ಮತ್ತು ಭಾಷಾಂತರ ಅಧ್ಯಯನಕ್ಕೆಂದೇ ಒಂದು ಕೇಂದ್ರವಿದೆ. ಆದರೆ ಅದಕ್ಕೆ ರಜೆ ಬೇಕು. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಆರ್.ಐ.ಇ.ಎಸ್.ಐ., ಅಂದರೆ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ, 1963ರಿಂದ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಬೆಂಗಳೂರು ಪ್ರಾಜೆಕ್ಟಿನ ನೆಲೆಯೂ ಅದೇ ಸಂಸ್ಥೆ. ಈ ಓದು ನನಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಲು ಅಲ್ಲಿನ ಅಲ್ಪಾವಧಿಯ ತರಬೇತಿ ಸಾಕು. ಎಲ್ಲಿಗೆ ಅರ್ಜಿ ಹಾಕಿದರೂ ಮುಖ್ಯ ಶಿಕ್ಷಕರ ಮೂಲಕ ಇಲಾಖೆಯ ಅನುಮತಿಯನ್ನು ಮೊದಲೇ ಲಿಖಿತವಾಗಿ ಪಡೆಯಿರಿ. ಆಮೇಲೆ ಸೇವಾ ಪುಸ್ತಕದಲ್ಲಿ ಪದವಿಯನ್ನು ಸೇರಿಸುವಾಗ ಓಡಾಟ ತಪ್ಪುತ್ತದೆ.

ಈ ವರ್ಷದಿಂದಲೇ ಮಕ್ಕಳ ಬರಹಗಳನ್ನು ದಿನಾಂಕ ಹಾಕಿ ಎತ್ತಿಡಲು ಶುರು ಮಾಡಿ. ಪ್ರಬಂಧದ ವಿಷಯ ಹುಡುಕಲು ಬೇರೆ ಎಲ್ಲಿಗೂ ಹೋಗಬೇಕಾಗುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ವಾರಾಂತ್ಯಕ್ಕೆ ಹೊರರಾಜ್ಯದವರಿಗೆ ಕನ್ನಡ ಕಲಿಸುತ್ತೇನೆ. ಕನ್ನಡ ಎಂ.ಎ. ಆಗಿದೆ. ಈ ಅನ್ವಯಿಕ ಭಾಷಾವಿಜ್ಞಾನವೆಲ್ಲ ಇಂಗ್ಲಿಷ್ ಮೇಷ್ಟರಿಗೆ ಮಾತ್ರವೇ?
— ಓದುಗ, ಬೆಂಗಳೂರು

ಉತ್ತರ: ಖಂಡಿತ ಅಲ್ಲ. ನಿಮ್ಮ ಕೆಲಸಕ್ಕೆ ಅದು ಇನ್ನೂ ಹೆಚ್ಚು ಬೇಕು, ಏಕೆಂದರೆ ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಸಲು ಸಿದ್ಧ ಸಾಮಗ್ರಿ ಕಡಿಮೆ. ನಿಮ್ಮದೇ ತರಗತಿಯಲ್ಲಿ ಎರಡು ವಾಕ್ಯಗಳನ್ನು ಗಮನಿಸಿ ನೋಡಿ. ಮೊದಲನೆಯದು, "ನನ್ನ ಹೆಸರು ರಾಜೇಶ್ ಇದೆ." ಎರಡನೆಯದು, "ಇದು ನನ್ನ ಗಾಡಿ ಇಲ್ಲ." ಮೊದಲನೆಯದು ಹಿಂದಿಯವರ ಬಾಯಲ್ಲಿ ಬರುತ್ತದೆ, ಅವರ "ಹೈ" ಇಲ್ಲಿಗೂ ಬಂದು ಕೂರುತ್ತದೆ. ತಮಿಳರು ಹಾಗೆ ಹೇಳುವುದಿಲ್ಲ. ಅವರ ಭಾಷೆಯಲ್ಲೂ ನಮ್ಮ ಹಾಗೆ ಆ ಕ್ರಿಯಾಪದ ಬೇಡ. ಆದರೆ ಎರಡನೆಯ ತಪ್ಪನ್ನು ಹಿಂದಿಯವರೂ ಮಾಡುತ್ತಾರೆ, ತಮಿಳರೂ ಮಾಡುತ್ತಾರೆ. ನಮ್ಮ "ಅಲ್ಲ", "ಇಲ್ಲ" ಎರಡಕ್ಕೂ ಹಿಂದಿಯಲ್ಲಿ "ನಹೀಂ", ಆಡುಮಾತಿನ ತಮಿಳಿನಲ್ಲಿ ಎರಡಕ್ಕೂ "ಇಲ್ಲೈ". ತೆಲುಗಿನವರಿಗೆ "ಕಾದು", "ಲೇದು" ಬೇರೆ ಬೇರೆ. ಮಲಯಾಳಿಗಳಿಗೆ "ಅಲ್ಲ", "ಇಲ್ಲ" ಹುಟ್ಟಿನಿಂದಲೇ ಗೊತ್ತು. ಒಂದೇ ಕೋಣೆಯಲ್ಲಿ ಕೂತ ಇವರೆಲ್ಲರಿಗೂ ಒಂದೇ ಅಭ್ಯಾಸಪಾಠ ಕೊಟ್ಟರೆ ಅರ್ಧ ಜನರಿಗೆ ಬೇಸರ, ಇನ್ನರ್ಧ ಜನರಿಗೆ ಗೊಂದಲ.

ಸಾಗರದ ಶಿಕ್ಷಕಿಗೆ ಬರೆದ ಉತ್ತರವನ್ನು ಇದರ ಪಕ್ಕದಲ್ಲಿಟ್ಟು ಓದಿ. ಅಲ್ಲಿನ ತಪ್ಪು ಮಾತೃಭಾಷೆಯಿಂದ ಬಂದದ್ದಲ್ಲ, ಇಲ್ಲಿನದು ನೇರವಾಗಿ ಮಾತೃಭಾಷೆಯದೇ. ಯಾವುದು ಯಾವುದೆಂದು ಬೇರ್ಪಡಿಸುವುದಕ್ಕೇ ತರಬೇತಿ ಬೇಕು.

ಮೈಸೂರಿನ ಮಾನಸಗಂಗೋತ್ರಿಯ ಬಳಿ ಭಾರತೀಯ ಭಾಷಾ ಸಂಸ್ಥಾನವಿದೆ. 1969ರಲ್ಲಿ ಡಿ.ಪಿ. ಪಟ್ಟನಾಯಕ್ ಅವರ ನಿರ್ದೇಶನದಲ್ಲಿ ಶುರುವಾಯಿತು. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಿಕ್ಷಕರು ಹತ್ತು ತಿಂಗಳ ಅವಧಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ ಕಲಿತಿದ್ದಾರೆ. ಕನ್ನಡವನ್ನು ಹೊರಗಿನವರಿಗೆ ಕಲಿಸಿದ ಅನುಭವ ಇಷ್ಟು ದೀರ್ಘಕಾಲ ಒಂದೆಡೆ ಸೇರಿರುವ ಜಾಗ ಅದು. ಒಮ್ಮೆ ಹೋಗಿ, ಗ್ರಂಥಾಲಯದಲ್ಲಿ ಕೂತು, ಅಲ್ಲಿ ಕಲಿಸಿದವರೊಡನೆ ಮಾತನಾಡಿ. ಮೈಸೂರು ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಭಾಷಾವಿಜ್ಞಾನದ ಎಂ.ಎ. ಇದೆ. ಕನ್ನಡ ಎಂ.ಎ. ಆದವರಿಗೆ ಅಲ್ಲಿ ಧ್ವನಿವಿಜ್ಞಾನ, ವಾಕ್ಯರಚನೆ ಮೊದಲ ತಿಂಗಳು ಹೊಸದೆನಿಸಬಹುದು. ಹಳಗನ್ನಡ ಓದಿದ ಕಿವಿಗೆ ಬೇಗ ಹಿಡಿತ ಸಿಗುತ್ತದೆ.

ಪ್ರಶ್ನೆ: ಬ್ರಿಟನ್ನಿನಲ್ಲಿ ಒಂದೇ ವರ್ಷದಲ್ಲಿ ಎಂ.ಎ. ಮುಗಿಯುತ್ತದಂತೆ. ಖಾಸಗಿ ಶಾಲೆಯಲ್ಲಿ ಒಂಬತ್ತು ವರ್ಷ ಕಲಿಸಿದ್ದೇನೆ. ಸಾಲ ಮಾಡಿ ಹೋಗಲೇ?
— ಶಿಕ್ಷಕ, ಮಂಗಳೂರು

ಉತ್ತರ: ಸಾಲ ಮಾಡಿ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮರಳಿ ಬಂದು ಶಿಕ್ಷಕರಾಗಿಯೇ ಇರುವುದಾದರೆ ಆ ಸಾಲ ತೀರಿಸುವಷ್ಟು ಸಂಬಳ ನಮ್ಮ ಶಾಲೆಗಳಲ್ಲಿ ಇಲ್ಲ. ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಕೆಲಸದ ಅನುಭವವೇ ಅರ್ಹತೆ, ಕನಿಷ್ಠ ಎರಡು ವರ್ಷದ್ದು ಬೇಕು. ಓದು ಮುಗಿಸಿ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬ ಷರತ್ತೂ ಇದೆ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನಗಳನ್ನೂ ನೋಡಿ. ಅಲ್ಲಿನ ಎಂ.ಎ. ಸಾಮಾನ್ಯವಾಗಿ 180 ಕ್ರೆಡಿಟ್‌ಗಳದ್ದು, ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಪ್ರಬಂಧಕ್ಕೆ. ಒಂದು ವರ್ಷ ಎಂದರೆ ಉಸಿರಾಡಲು ಬಿಡುವಿಲ್ಲದ ವರ್ಷ.

ಅರ್ಜಿ ಹಾಕುವ ಮೊದಲು ಎರಡು ವಿಷಯ ಕೇಳಿ. ಮೊದಲು, ಬೋಧನಾನುಭವ ಇರುವವರಿಗೆಂದೇ ಇರುವ ಕೋರ್ಸೇ ಇದು? ಏನೂ ಅನುಭವವಿಲ್ಲದವರಿಗೆ ತರಬೇತಿ ಕೊಡುವ ಕೋರ್ಸಿಗೆ ಸೇರಿದರೆ ನಿಮಗೆ ಗೊತ್ತಿರುವುದನ್ನೇ ಹಣ ಕೊಟ್ಟು ಕೇಳಬೇಕಾಗುತ್ತದೆ. ಎರಡನೆಯದಾಗಿ ಓದಿನ ಪಟ್ಟಿ ತರಿಸಿ. ಭಾಷಾವಿಜ್ಞಾನಿಗಳಾದ ಎಸ್.ಎನ್. ಶ್ರೀಧರ್ ಮತ್ತು ಕಮಲ್ ಶ್ರೀಧರ್ 1986ರಲ್ಲೇ ಒಂದು ಕೊರತೆಯನ್ನು ಬರೆದು ತೋರಿಸಿದ್ದರು. ಎರಡನೆಯ ಭಾಷೆಯ ಕಲಿಕೆಯ ಸಿದ್ಧಾಂತಗಳು ಇಂಗ್ಲಿಷರ ನಡುವೆಯೇ ಬದುಕುವ ಕಲಿಕೆಗಾರರನ್ನು ನೋಡಿ ಕಟ್ಟಿದವು. ಇಂಗ್ಲಿಷನ್ನು ತಮ್ಮತಮ್ಮಲ್ಲೇ, ಹಲವು ಭಾಷೆಗಳ ಜೊತೆಗೆ ಬಳಸುವ ಭಾರತದಂಥ ದೇಶಗಳಿಗೆ ಅವು ಸಾಲವು ಎಂಬುದು ಅವರ ವಾದ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಇರುವ ನಿಮ್ಮ ಮಕ್ಕಳ ಬಗ್ಗೆ ಆ ಪಟ್ಟಿಯಲ್ಲಿ ಒಂದೂ ಪುಟ ಇಲ್ಲದಿದ್ದರೆ ಬೇರೆ ವಿಶ್ವವಿದ್ಯಾಲಯ ನೋಡಿ.

ವಿದೇಶದ ಪದವಿಗೆ ಇಲ್ಲಿ ಸಮಾನತೆಯ ಪ್ರಮಾಣಪತ್ರ ಸಿಗುತ್ತದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಖಚಿತ ಮಾಡಿಕೊಳ್ಳಿ. ದೂರಶಿಕ್ಷಣದ ಪದವಿಯಾದರೆ ಇನ್ನೂ ಎಚ್ಚರಿಕೆಯಿಂದ ವಿಚಾರಿಸಿ.

ಪ್ರಶ್ನೆ: ನನಗೆ 46 ವರ್ಷ. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಬಹುದೇ? ಸಂಸ್ಕೃತ, ಗಣಿತ ಎರಡೂ ಬಾರದು.
— ಓದುಗರು, ಧಾರವಾಡ

ಉತ್ತರ: ಬರೆಯಬಹುದು. ಭಾಷಾವಿಜ್ಞಾನ ನೆಟ್‌ನಲ್ಲಿ ಪ್ರತ್ಯೇಕ ವಿಷಯವಾಗಿಯೇ ಇದೆ. ಸಂಶೋಧನಾ ವೇತನ ಕೊಡುವ ಜೆ.ಆರ್.ಎಫ್.ಗೆ ವಯೋಮಿತಿ ಇದೆ, ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಇಲ್ಲ. ಎಂ.ಎ.ಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡ 55 ಅಂಕ ಬೇಕು. ಸಂಸ್ಕೃತ ಬೇಕಿಲ್ಲ. ಗಣಿತದಲ್ಲಿ ಸರಾಸರಿ, ಶೇಕಡಾವಾರು ಲೆಕ್ಕ ಮಾಡಲು ಬಂದರೆ ಆರಂಭಕ್ಕೆ ಸಾಕು. ಮುಂದೆ ಬೇಕಾಗುವ ಸಂಖ್ಯಾಶಾಸ್ತ್ರವನ್ನು ನಿಮ್ಮದೇ ವಿದ್ಯಾರ್ಥಿಗಳ ಅಂಕಪಟ್ಟಿ ಇಟ್ಟುಕೊಂಡು ಕಲಿಯಿರಿ, ಆಗ ಅದು ಬೇಗ ತಲೆಗೆ ಹತ್ತುತ್ತದೆ.