ವಿದೇಶದಲ್ಲಿದ್ದಾಗ ಸೈಟು ತೆರೆಯದಿದ್ದರೆ, ಅಕೌಂಟು ಒಳಗೆ ಬಿಡದಿದ್ದರೆ ವಿಪಿಎನ್ ಒಂದೇ ಸಾಕಾ?

ಬೇರೆ ದೇಶಕ್ಕೆ ಬಂದು ಎರಡು ತಿಂಗಳಾಯಿತು, ನಮ್ಮ ಕಡೆಯ ಕೆಲವು ಸೈಟುಗಳು ತೆರೆಯುತ್ತಲೇ ಇಲ್ಲ, ಬ್ಯಾಂಕಿನ ಒಟಿಪಿ ಬರುವುದಿಲ್ಲ, ಪಾಸ್‌ವರ್ಡ್ ಸರಿಯಿದ್ದರೂ ಮೇಲ್ ಒಳಗೆ ಬಿಡುತ್ತಿಲ್ಲ, ವಿಪಿಎನ್ ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತಾ ಎಂದು ಕೇಳಿದ್ದೀರಿ. ವಿಪಿಎನ್ ಅಂದರೆ ನಿಮ್ಮ ನೆಟ್ಟಿನ ಓಡಾಟವನ್ನು ಬೇರೆ ಕಡೆಯ ಸರ್ವರ್ ಮೂಲಕ ಕಳಿಸಿ, ನೀವು ಅಲ್ಲೇ ಇದ್ದ ಹಾಗೆ ತೋರಿಸುವ ವ್ಯವಸ್ಥೆ. ನಾನೂ ಬಂದ ಹೊಸತರಲ್ಲಿ ಹಾಗೇ ಅಂದುಕೊಂಡು ಹಾಕಿದ್ದೆ. ಮೂರನೇ ದಿನ ಬ್ಯಾಂಕ್ ಅಕೌಂಟ್ ಲಾಕ್ ಆಯಿತು.

ನಿಮಗಿರುವುದು ಒಂದು ತೊಂದರೆಯಲ್ಲ, ಎರಡು. ಸೈಟ್ ತೆರೆಯದಿದ್ದರೆ ಅದು ನೋಡುತ್ತಿರುವುದು ನೀವು ಎಲ್ಲಿದ್ದೀರಿ ಎಂದು. ಅಕೌಂಟ್ ಒಳಗೆ ಬಿಡದಿದ್ದರೆ ಅದಕ್ಕೆ ನೀವು ನೀವೇನಾ ಎಂಬ ಅನುಮಾನ. ಮೊದಲನೆಯದಕ್ಕೆ ವಿಪಿಎನ್ ಒಂದು ಮಟ್ಟಿಗೆ ಮದ್ದು. ಎರಡನೆಯದಕ್ಕೆ ಹಾಕಿದರೆ ರೋಗವೇ ಜಾಸ್ತಿಯಾಗುತ್ತದೆ.

ಸೈಟುಗಳ ವಿಷಯ ಬೇಗ ಮುಗಿಸುತ್ತೇನೆ. ಯಾವ ಐಪಿ ವಿಳಾಸ (ನೆಟ್ಟಿನಲ್ಲಿ ನಿಮ್ಮ ಸಂಪರ್ಕಕ್ಕಿರುವ ನಂಬರು) ಯಾವ ದೇಶದ್ದು ಎಂಬ ಪಟ್ಟಿ ಇಟ್ಟುಕೊಂಡು ಸೈಟುಗಳು ಬಾಗಿಲು ಕಾಯುತ್ತವೆ. ಪರದೆಯ ಮೇಲೆ 403 ಬಂದರೆ ಸರ್ವರ್ ನಿಮ್ಮ ಕೋರಿಕೆ ನೋಡಿಯೇ ಬೇಡ ಅಂದಿದೆ ಎಂದರ್ಥ. 451 ಬಂದರೆ ಕಾರಣ ಕಾನೂನಿನದು. ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ 2018ರ ಮೇ 25ರಂದು ಜಾರಿಗೆ ಬಂದಾಗ ಅಮೆರಿಕದ ಎಷ್ಟೋ ಪತ್ರಿಕೆಗಳ ಸೈಟುಗಳು ಯುರೋಪಿನ ಓದುಗರಿಗೆ ಬಾಗಿಲು ಹಾಕಿಕೊಂಡವು. ನಿಯಮ ಪಾಲಿಸುವುದಕ್ಕಿಂತ ಚಿಲಕ ಹಾಕುವುದು ಸುಲಭ ನೋಡಿ! ಏನೂ ಬರದೆ ಸುಮ್ನೆ ತಿರುಗುತ್ತಲೇ ಇದ್ದರೆ ಮೊದಲು ವೈಫೈ ಬಿಟ್ಟು ಇಲ್ಲಿನ ಸಿಮ್ಮಿನ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಅಲ್ಲಿ ತೆರೆದರೆ ತಪ್ಪು ಸೈಟಿನದ್ದಲ್ಲ, ನಿಮ್ಮ ಆಫೀಸಿನ ಅಥವಾ ಹಾಸ್ಟೆಲ್ಲಿನ ನೆಟ್ಟಿನದು. ಡಿಎನ್‌ಎಸ್ (ಸೈಟಿನ ಹೆಸರಿಗೆ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಾಯಿಸಿ ಎಂದು ಯಾರಾದರೂ ಹೇಳಿರಬಹುದು. ಇಲ್ಲಿನ ನೆಟ್ ಕಂಪನಿ ಡಿಎನ್‌ಎಸ್ ಮಟ್ಟದಲ್ಲಿ ತಡೆದಿದ್ದರೆ ಅದು ಕೆಲಸ ಮಾಡುತ್ತದೆ. ಸೈಟೇ ನಿಮ್ಮ ಐಪಿ ನೋಡಿ ತಡೆದಿದ್ದರೆ ಮಾಡುವುದಿಲ್ಲ.

ಸುದ್ದಿ ಓದೋದಕ್ಕೆ, ಒಂದು ಫಾರ್ಮ್ ಇಳಿಸಿಕೊಳ್ಳೋದಕ್ಕೆ ವಿಪಿಎನ್ ಸಾಕು. ಕೆಲವು ದೇಶಗಳಲ್ಲಿ ಅದಕ್ಕೇ ಕಡಿವಾಣ ಇದೆ, ನೀವಿರುವ ಕಡೆ ನಿಯಮ ಏನಿದೆ ಎಂದು ನೋಡಿಕೊಂಡು ಹಾಕಿ. ಪುಕ್ಕಟೆ ವಿಪಿಎನ್ ಮಾತ್ರ ಬೇಡ. ನಿಮ್ಮ ನೆಟ್ಟಿನ ಓಡಾಟವೆಲ್ಲ ಅವರ ಕೈ ಮೇಲೆ ಹೋಗುತ್ತದೆ, ಅವರ ಖರ್ಚು ಎಲ್ಲಿಂದ ಬರುತ್ತೆ ಅಂತ ಯೋಚಿಸಿ.

ಈಗ ನನ್ನ ಅಕೌಂಟ್ ಯಾಕೆ ಲಾಕ್ ಆಯಿತು ಎಂದು ಹೇಳುತ್ತೇನೆ. ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಹಾಕಿದ್ದೆ, ಫೋನಿನಲ್ಲಿ ಇರಲಿಲ್ಲ. ಲ್ಯಾಪ್‌ಟಾಪಿನಿಂದ ಬ್ಯಾಂಕಿಗೆ ಲಾಗಿನ್ ಆದೆ, ಹತ್ತು ನಿಮಿಷ ಬಿಟ್ಟು ಫೋನಿನ ಆ್ಯಪ್ ತೆರೆದೆ. ಬ್ಯಾಂಕಿನ ಕಣ್ಣಿಗೆ ನಾನು ಹತ್ತು ನಿಮಿಷದಲ್ಲಿ ಖಂಡ ದಾಟಿದ ಹಾಗೆ ಕಂಡಿರಬೇಕು. ಯಾರೋ ಪಾಸ್‌ವರ್ಡ್ ಕದ್ದಿದ್ದಾರೆ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಸಾಲದ್ದಕ್ಕೆ ವಿಪಿಎನ್‌ನ ಒಂದೇ ಐಪಿಯನ್ನು ಒಂದೇ ಹೊತ್ತಿಗೆ ನೂರಾರು ಜನ ಬಳಸುತ್ತಿರುತ್ತಾರೆ, ಅದರಲ್ಲಿ ಕಳ್ಳರೂ ಇರುತ್ತಾರೆ. ಅಂಥ ವಿಳಾಸಗಳನ್ನು ಬ್ಯಾಂಕುಗಳು ಮೊದಲೇ ಅನುಮಾನದ ಪಟ್ಟಿಗೆ ಹಾಕಿರುತ್ತವೆ. ಟ್ರಾಫಿಕ್ ಸಿಗ್ನಲ್ಲು, ಬಸ್ಸು ಗುರುತಿಸಿ ಎಂಬ ಚಿತ್ರದ ಪರೀಕ್ಷೆ ವಿಪಿಎನ್ ಹಾಕಿದಾಗ ಜಾಸ್ತಿ ಬರುವುದೂ ಇದಕ್ಕೇ. ಅಂದಿನಿಂದ ಬ್ಯಾಂಕು, ಮೇಲ್ ಎರಡನ್ನೂ ವಿಪಿಎನ್ ಇಲ್ಲದೆ, ಒಂದೇ ಫೋನಿನಿಂದ ತೆರೆಯುತ್ತೇನೆ. ನಾನು ಎಲ್ಲಿದ್ದೀನೋ ಅಲ್ಲೇ ಇದ್ದೀನಿ ಎಂದು ಬ್ಯಾಂಕಿಗೆ ಬರೆದು ತಿಳಿಸಿ ವಿಳಾಸವನ್ನೂ ಬದಲಾಯಿಸಿಕೊಂಡೆ. ಅಡಗಿಕೊಳ್ಳುವುದಕ್ಕಿಂತ ಇದೇ ವಾಸಿ.

ಇನ್ನು ಒಟಿಪಿ. ನನ್ನ ಪ್ರಕಾರ ಹೊರದೇಶದವರ ತೊಂದರೆಯ ಬೇರು ಇರುವುದು ಇಲ್ಲೇ. ಎಲ್ಲ ಅಕೌಂಟುಗಳಿಗೂ ಒಂದೇ ಕೀಲಿ, ಅದೂ ಹಳೇ ಸಿಮ್! ಒಂದು ರಾತ್ರಿ ದುಡ್ಡು ಕಳಿಸಬೇಕಿತ್ತು. ಒಟಿಪಿ ಕೇಳಿದೆ, ಬರಲಿಲ್ಲ. ಮತ್ತೆ ಕೇಳಿದೆ. ಫೋನನ್ನು ಕಿಟಕಿಯ ಗಾಜಿಗೆ ಆನಿಸಿ ಇಟ್ಟೆ, ಆಫ್ ಮಾಡಿ ಆನ್ ಮಾಡಿದೆ, ಸಿಮ್ ತೆಗೆದು ಅಂಗಿಗೆ ಒರೆಸಿ ಹಾಕಿದೆ. ಐದು ಸಲ ಕೇಳಿ ಮಲಗಿದೆ. ಬೆಳಗಿನ ಜಾವ ಟಿಣ್ ಟಿಣ್ ಎಂದು ಐದೂ ಒಟ್ಟಿಗೆ ಬಂದವು, ಐದೂ ಅವಧಿ ಮುಗಿದವು. ರೋಮಿಂಗ್‌ನಲ್ಲಿ ಎಸ್‌ಎಂಎಸ್ ಎರಡು ಮೂರು ಕಂಪನಿಗಳ ಕೈ ದಾಟಿ ಬರುತ್ತದೆ, ಒಬ್ಬರು ತಡಮಾಡಿದರೂ ಕೆಲಸ ಕೆಟ್ಟಿತು. ಬೇಗ ಬರಲಿ ಎಂದು ಪದೇ ಪದೇ ಒತ್ತಬೇಡಿ. ಹೊಸ ಕೋಡ್ ಕೇಳಿದ ಕೂಡಲೇ ಹಳೆಯದು ಸಾಮಾನ್ಯವಾಗಿ ರದ್ದಾಗುತ್ತದೆ, ಬಂದದ್ದೂ ಉಪಯೋಗಕ್ಕೆ ಬರುವುದಿಲ್ಲ.

ಕೆಲವರು ಸಿಮ್ಮನ್ನು ಮನೆಯಲ್ಲಿ ಬಿಟ್ಟು ಬಂದು ಅಮ್ಮನ ಹತ್ತಿರ ಒಟಿಪಿ ಓದಿಸಿಕೊಳ್ಳುತ್ತಾರೆ. ನಾನೂ ಮಾಡಿದ್ದೇನೆ, ಇಲ್ಲ ಅನ್ನಲ್ಲ. ಆದರೆ ಅಮ್ಮನಿಗೆ ಫೋನಿನಲ್ಲಿ ಒಟಿಪಿ ಓದಿ ಹೇಳುವ ಅಭ್ಯಾಸವಾಯಿತು. ನಾಳೆ ನಿಮ್ಮ ಹೆಸರು ಹೇಳಿಕೊಂಡು ಇನ್ಯಾರೋ ಕೇಳಿದರೂ ಓದಿಬಿಡುತ್ತಾರೆ.

ಹಳೇ ಸಿಮ್ ಸಾಯಲು ಮಾತ್ರ ಬಿಡಬೇಡಿ. ರೀಚಾರ್ಜ್ ನಿಂತರೆ ಕಂಪನಿಗಳು ಸ್ವಲ್ಪ ಕಾಲ ಕಾದು ಆ ನಂಬರನ್ನು ಬೇರೆಯವರಿಗೆ ಕೊಡುತ್ತವೆ. ಆಮೇಲೆ ನಿಮ್ಮ ಒಟಿಪಿ ಗೊತ್ತಿಲ್ಲದವರ ಜೇಬಿಗೆ ಹೋಗುತ್ತದೆ.

ಸಿಮ್ ಉಳಿಸಿಕೊಂಡೇ ಕೀಲಿ ಬದಲಾಯಿಸಿ. ಮೇಲ್, ಸೋಷಿಯಲ್ ಮೀಡಿಯಾ ಮುಂತಾದ ಕಡೆ ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಬಹುದು. ಅದಕ್ಕೆ ಸಿಮ್ ಬೇಡ, ಕೋಡ್ ತೋರಿಸಲು ನೆಟ್ಟೂ ಬೇಡ. ಆ್ಯಪ್ ಹತ್ತಿರ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ, ಅದನ್ನು ಈಗಿನ ಸಮಯದ ಜೊತೆ ಕಲಸಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ 6 ಅಂಕಿಯ ಕೋಡ್ ತೆಗೆಯುತ್ತದೆ. ಸರ್ವರ್ ಆ ಕಡೆ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ.

ಇದರಲ್ಲೂ ನಾನು ಎಡವಿದ್ದೇನೆ. ಇಲ್ಲಿಗೆ ಬಂದಿಳಿದಾಗ ಫೋನಿನ ಟೈಮ್ ಝೋನ್ ಬದಲಾಯಿಸದೆ ಗಡಿಯಾರದ ಗಂಟೆಯನ್ನಷ್ಟೇ ಕೈಯಲ್ಲಿ ತಿರುಗಿಸಿ ಇಲ್ಲಿನ ಹೊತ್ತಿಗೆ ಇಟ್ಟಿದ್ದೆ. ಎರಡು ದಿನ ಪ್ರತಿ ಕೋಡೂ ತಪ್ಪು. ಕಣ್ಣೆದುರಿಗೇ ಹುಟ್ಟಿದ ಕೋಡನ್ನು ತಪ್ಪು ಅಂದರೆ ತಲೆ ಕೆಡದೆ ಇರುತ್ತಾ? ನೀವು ಯಾವ ದೇಶದಲ್ಲಿದ್ದರೂ ಲೆಕ್ಕ ನಡೆಯುವುದು ಯುಟಿಸಿ ಸಮಯದಲ್ಲಿ, ಅಂದರೆ ಲೋಕಕ್ಕೆಲ್ಲ ಒಂದೇ ಆದ ಸಮಯದಲ್ಲಿ. ಝೋನ್ ಹಳೆಯದೇ ಇದ್ದು ಗಂಟೆ ಬದಲಾದರೆ ಫೋನಿನ ಯುಟಿಸಿಯೇ ತಪ್ಪಾಗುತ್ತದೆ. ಸೆಟ್ಟಿಂಗ್‌ನಲ್ಲಿ ತಾನಾಗೇ ಸಮಯ ತೆಗೆದುಕೊಳ್ಳುವ ಆಯ್ಕೆ ಆನ್ ಮಾಡಿದೆ, ಮುಂದಿನ ಕೋಡ್‌ಗೇ ಬಾಗಿಲು ತೆರೆಯಿತು.

ಜೊತೆಗೆ, ಫೋನ್ ಕೈಯಲ್ಲಿಲ್ಲದಾಗ ಒಳಗೆ ಹೋಗಲು ಬಳಸುವ ಬ್ಯಾಕಪ್ ಕೋಡ್ ತೆಗೆದಿಟ್ಟುಕೊಳ್ಳಿ. ಗೂಗಲ್ ಒಂದು ಸಲಕ್ಕೆ 10 ಕೊಡುತ್ತದೆ, ಒಂದೊಂದೂ ಒಂದೇ ಸಲ ನಡೆಯುತ್ತದೆ. ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಇಡುವ ಕಡೆ ಇಡಿ. ಅದೇ ಫೋನಿನಲ್ಲಿ ಫೋಟೋ ತೆಗೆದಿಟ್ಟರೆ ಫೋನ್ ಕಳೆದ ದಿನ ಕೋಡೂ ಹೋಯಿತು. ಬ್ಯಾಂಕುಗಳು ಮಾತ್ರ ಹಲವು ಕಡೆ ಎಸ್‌ಎಂಎಸ್‌ಗೇ ಅಂಟಿಕೊಂಡಿವೆ. ಒಟಿಪಿ ಮೇಲ್‌ಗೆ ಬರುವ ಅಥವಾ ಆ್ಯಪ್‌ನಲ್ಲೇ ಒಪ್ಪಿಗೆ ಕೊಡುವ ವ್ಯವಸ್ಥೆ ಇದೆಯಾ ಎಂದು ಕೇಳಿ. ಎಷ್ಟೋ ಸಲ ಇರುತ್ತದೆ, ಕೇಳದೆ ಹೇಳುವುದಿಲ್ಲ.

ಆ್ಯಪ್ ಅಂದಾಗ ನೆನಪಾಯಿತು, ಗೂಗಲ್ ಪ್ಲೇಯಲ್ಲಿ ದೇಶ ಬದಲಾಯಿಸುವ ಅವಸರ ಬೇಡ. ವರ್ಷಕ್ಕೆ ಒಂದೇ ಸಲ ಬದಲಾಯಿಸಲು ಬಿಡುತ್ತಾರೆ. ಬದಲಾಯಿಸಿದ ಮೇಲೆ ಹಳೇ ಬ್ಯಾಂಕಿನ ಆ್ಯಪ್ ಅಲ್ಲಿ ಸಿಗದಿದ್ದರೆ ಕಷ್ಟ.

ಸದ್ಯಕ್ಕೆ ನಿಮ್ಮ ಮೇಲ್ ವಿಷಯ. ಪಾಸ್‌ವರ್ಡ್ ರೀಸೆಟ್ ಒತ್ತುತ್ತಾ ಕೂರಬೇಡಿ, ಪ್ರತಿ ಸೋಲೂ ಅನುಮಾನ ಹೆಚ್ಚಿಸುತ್ತದೆ. ಆ ಮೇಲ್ ಮೊದಲಿನಿಂದ ತೆರೆದಿದ್ದ ಹಳೇ ಲ್ಯಾಪ್‌ಟಾಪೋ ಟ್ಯಾಬೋ ಹುಡುಕಿ. ಗುರುತಿರುವ ಸಾಧನದಿಂದ ಬಂದ ಕೋರಿಕೆಯನ್ನು ಮೇಲ್ ಕಂಪನಿಗಳು ಬೇಗ ನಂಬುತ್ತವೆ. ಎಲ್ಲಾದರೂ ಇನ್ನೂ ಲಾಗಿನ್ ಉಳಿದಿದ್ದರೆ ಅಲ್ಲಿಂದ ಲಾಗೌಟ್ ಆಗಲೇಬೇಡಿ, ಅದರಿಂದಲೇ ಅಥೆಂಟಿಕೇಟರ್ ಸೇರಿಸಬಹುದು. ಅಂಥ ಸಾಧನ ನಿಮ್ಮ ಹತ್ತಿರ ಇದೆಯಾ, ಅಥವಾ ಮನೆಯಲ್ಲಿ ಬಿಟ್ಟು ಬಂದಿದ್ದೀರಾ? ಅದನ್ನು ತಿಳಿಸಿ, ಮುಂದಿನದನ್ನು ನೋಡೋಣ.