ಅರಿಜೋನಾದ ಸವಾರರಿಗೆ ಮೊದಲ ಭಯ ಬಿಸಿಲಿನದು

ಮೈಸೂರಿನಲ್ಲಿ ಕುದುರೆ ಸವಾರಿ ಕಲಿತ ಮಗಳೊಂದಿಗೆ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ಗೆ ಬರಲಿದ್ದೀರಿ. ಹಾವುಗಳಿರುವ ಈ ಮರುಭೂಮಿಯಲ್ಲಿ ಅವಳನ್ನು ಕುದುರೆ ಹತ್ತಲು ಬಿಡಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಬಿಡಿ. ಆದರೆ ನನ್ನನ್ನು ಕೇಳಿದರೆ, ಹಾವಿಗಿಂತ ಮೊದಲು ಬಿಸಿಲಿಗೆ ಹೆದರಬೇಕು. ಹಾವು ಎದುರಾಗುವ ಹೊತ್ತನ್ನು ನಿರ್ಧರಿಸುವುದೂ ಆ ಬಿಸಿಲೇ.

2023ರಲ್ಲಿ ಇಲ್ಲಿ ಸತತ 31 ದಿನ ಗರಿಷ್ಠ ತಾಪಮಾನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಹಾಗಾಗಿ ಬೇಸಿಗೆಯಲ್ಲಿ ಸವಾರರು ನಸುಕಿಗೇ ಜೀನು ಬಿಗಿಯುತ್ತಾರೆ. ಇಲ್ಲಿನ ವಿಷದ ಗಿಲಕಿ ಹಾವು (ರ್‍ಯಾಟಲ್‌ಸ್ನೇಕ್) ಕೂಡ ಹಾಗೆಯೇ. ವಸಂತದಲ್ಲಿ ಹಗಲು ಹೊತ್ತು ಓಡಾಡುವ ಅದು ಬೇಸಿಗೆ ಬಲಿತಂತೆ ರಾತ್ರಿಗೆ, ನಸುಕಿಗೆ, ಮುಸ್ಸಂಜೆಗೆ ಸರಿಯುತ್ತದೆ. ತಂಪು ಹುಡುಕಿ ಹೊರಟ ನೀವೂ ಅದೂ ಒಂದೇ ದಾರಿಯಲ್ಲಿ ಸಿಗುತ್ತೀರಿ. ಬೆಳಕು ಚೆನ್ನಾಗಿ ಹರಿಯುವವರೆಗೆ ಕುದುರೆಯನ್ನು ನಿಧಾನವಾಗಿ ನಡೆಸಿ, ದಾರಿಯ ನಡುವೆಯೇ ಸಾಗಿ.

ಈ ಹಾವು ನಮ್ಮ ಕೊಳಕುಮಂಡಲದ ದೂರದ ನೆಂಟ. ಬಾಲ ಅಲುಗಿಸಿ ಸದ್ದು ಮಾಡುತ್ತದೆ ನಿಜ, ಆದರೆ ಪ್ರತಿ ಸಲವೂ ಎಚ್ಚರಿಸುತ್ತದೆ ಎಂದು ನಂಬಬೇಡಿ. ಸದ್ದು ಕೇಳಿದರೆ ಕುದುರೆಯನ್ನು ನಿಲ್ಲಿಸಿ, ಹಾವು ಎಲ್ಲಿದೆ ಎಂದು ನೋಡಿ, ಆಮೇಲೆ ಹಿಂದೆ ಸರಿಯಿರಿ. ಕುದುರೆಗೆ ಕಡಿತ ಬೀಳುವುದು ಹೆಚ್ಚಾಗಿ ಮೂತಿಗೆ. ಕುತೂಹಲದಿಂದ ಮೂಸಲು ಹೋಗುವ ಪ್ರಾಣಿ ಅದು. ಕುದುರೆ ಬಾಯಿಯಿಂದ ಉಸಿರಾಡಲಾರದು. ಮೂಗು ಊದಿ ಹೊಳ್ಳೆಗಳು ಮುಚ್ಚಿಕೊಂಡರೆ ಉಸಿರುಗಟ್ಟಿಯೇ ಸಾಯಬಹುದು. ಅದಕ್ಕೆಂದೇ ಇಲ್ಲಿ ಹಲವರು ಎರಡು ತುಂಡು ಕೊಳವೆಯನ್ನು ಜೀನಿನ ಚೀಲದಲ್ಲಿ ಇಟ್ಟಿರುತ್ತಾರೆ. ಅವನ್ನು ಹೊಳ್ಳೆಗೆ ತೂರಿಸುವ ಬಗೆಯನ್ನು ಪಶುವೈದ್ಯರಿಂದ ಮೊದಲೇ ಕಲಿತುಕೊಳ್ಳಿ. ಮನುಷ್ಯರಿಗೆ ಕಚ್ಚಿದರೆ ಊರಿನಲ್ಲಿ ಕಂಡಂತೆ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು ನೇರವಾಗಿ ಆಸ್ಪತ್ರೆಗೆ ಹೋಗಿ. ಇಲ್ಲಿ ಪ್ರತಿವಿಷ ಸಿಗುತ್ತದೆ.

ಮಳೆಯ ವಿಷಯಕ್ಕೆ ಬಂದರೆ, ಇಲ್ಲಿಯೂ ಮುಂಗಾರು ಇದೆ. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗಿನ ಅವಧಿಯನ್ನು ಹಾಗೆ ಲೆಕ್ಕ ಹಾಕುತ್ತಾರೆ. ಮಲೆನಾಡಿನ ಜಡಿಮಳೆಯನ್ನು ನಿರೀಕ್ಷಿಸಬೇಡಿ. ಮಧ್ಯಾಹ್ನ ಕಳೆದ ಮೇಲೆ ಸಿಡಿಲು ಬರುತ್ತದೆ, ಕೆಲವೊಮ್ಮೆ ಅದರ ಮುಂದೆ ಊರನ್ನೇ ನುಂಗುವ ಧೂಳಿನ ಗೋಡೆ. ‘ವಾಶ್’ ಎನ್ನುವ ಒಣ ಹಳ್ಳಗಳ ಮರಳು ಕುದುರೆ ನಡೆಸಲು ಹಿತವಾಗಿರುತ್ತದೆ. ಅದೇ ಅಪಾಯ. ದೂರದ ಬೆಟ್ಟದಲ್ಲಿ ಸುರಿದ ಮಳೆ ನಿಮ್ಮ ತಲೆಯ ಮೇಲಿನ ಆಕಾಶ ತಿಳಿಯಾಗಿದ್ದಾಗಲೇ ಪ್ರವಾಹವಾಗಿ ಬರಬಲ್ಲದು. ಬೆಟ್ಟದ ಕಡೆ ಮೋಡ ಕಂಡ ದಿನ ಹಳ್ಳಕ್ಕೆ ಇಳಿಯಲೇಬೇಡಿ.

ನವೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ ಇಲ್ಲಿನ ಸವಾರಿಗೆ ಸಾಟಿಯಿಲ್ಲ. ಸೂಪರ್‌ಸ್ಟಿಷನ್ ಬೆಟ್ಟಗಳ ಬುಡದಲ್ಲಿ, ಆಳೆತ್ತರವನ್ನೂ ಮೀರಿದ ಸಾಗ್ವಾರೊ ಕಳ್ಳಿಗಳ ನಡುವೆ ನಿಮ್ಮ ಮಗಳು ಸಾಗುವುದನ್ನು ನೀವು ನೋಡಲೇಬೇಕು. ಕುದುರೆ ಲಾಯ ಗೊತ್ತುಮಾಡುವಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: ಜುಲೈನಲ್ಲಿ ಎಷ್ಟು ಗಂಟೆಗೆ ಸವಾರಿ ಮುಗಿಸುತ್ತೀರಿ? ಬೆಳಗಿನ ಹತ್ತಾದರೂ ಪರವಾಗಿಲ್ಲ ಎನ್ನುವವರ ಬಳಿ ಅವಳನ್ನು ಸೇರಿಸಬೇಡಿ.