ಬೆರಕೆ ಮರಿಗೆ ಹೊಡೆದರೆ ಬುದ್ಧಿ ಬರುತ್ತಾ?

ನಿಮ್ಮ ಪ್ರಶ್ನೆ ಓದಿದೆ. ತಂದೆ ಮುಧೋಳ ತಳಿಯ ಬೇಟೆನಾಯಿ, ತಾಯಿ ಬೀದಿನಾಯಿ, ಎರಡು ತಿಂಗಳ ಗಂಡುಮರಿ. ಮನೆ ತುಂಬ ಉಚ್ಚೆ ಮಾಡುತ್ತೆ, ಸಂಜೆಯಾದರೆ ಸಿಕ್ಕವರ ಕೈಕಾಲು ಕಚ್ಚುತ್ತೆ, ನಿನ್ನೆ ಮಗಳ ಕೈಯಲ್ಲಿ ರಕ್ತ ಬಂತು. ಮನೆಯ ಹಿರಿಯರು "ಕಂತ್ರಿ ನಾಯಿಗೆ ನಾಲ್ಕು ಬಿಟ್ಟರೇನೇ ಬುದ್ಧಿ ಬರೋದು" ಅನ್ನುತ್ತಿದ್ದಾರೆ. ಹೊಡೀಬೇಕಾ, ಬೇಡ್ವಾ ಅಂತ ಕೇಳಿದ್ದೀರಿ.

ಬೇಡ. ಯಾಕೆ ಅನ್ನೋದಕ್ಕೆ ಮೊದಲು ಮಗಳ ಕೈ ವಿಷಯ. ಮರಿಗೆ ಇನ್ನೂ ಒಂದು ಲಸಿಕೆಯೂ ಆಗಿಲ್ಲ ಅಂತ ಬರೆದಿದ್ದೀರಿ. ಗಾಯವನ್ನು ಸೋಪು ಹಚ್ಚಿ, ನಲ್ಲಿ ನೀರು ಬಿಟ್ಟು 15 ನಿಮಿಷ ತೊಳೆಯಿರಿ. ಇವತ್ತೇ ಡಾಕ್ಟರಿಗೆ ತೋರಿಸಿ. ಚಿಕ್ಕ ಮರಿ, ಮನೆಯದೇ ಅಂತ ಸುಮ್ನೆ ಬಿಡಬೇಡಿ. ರೇಬಿಸ್ ಒಮ್ಮೆ ಕಾಣಿಸಿಕೊಂಡರೆ ಉಳಿಸಿಕೊಳ್ಳೋದು ಆಗದ ಮಾತು. ಚುಚ್ಚುಮದ್ದು ಹೊತ್ತಿಗೆ ಸರಿಯಾಗಿ ಬಿದ್ದರೆ ಅದನ್ನು ತಡೆಯಬಹುದು.

ಈಗ ಹೊಡೆಯೋ ವಿಷಯ. ನಾವಿರೋದು ಧಾರವಾಡದಲ್ಲಿ. ಮುಧೋಳದ ಕಡೆ ನಮ್ಮ ನೆಂಟರ ಹೊಲವಿದೆ, ಅಲ್ಲಿಂದ ನಮ್ಮ ನಾಯಿ ಕೆಂಪಿಯನ್ನು ತಂದೆವು. ಇವಳದು ನಿಮ್ಮ ಮರಿಗೆ ಉಲ್ಟಾ: ತಾಯಿ ಮುಧೋಳ, ತಂದೆ ಯಾವುದೋ ಊರನಾಯಿ. ಬಂದ ವಾರದಲ್ಲೇ ಅಡುಗೆಮನೆ ಹೊಸ್ತಿಲ ಹತ್ತಿರ ಉಚ್ಚೆ ಮಾಡಿದಳು. ನಾನು ಪೇಪರ್ ಸುತ್ತಿ ಎರಡು ಬಿಟ್ಟೆ. ಕಿವಿ ಹಿಂದಕ್ಕೆ ಒತ್ತಿಕೊಂಡು ನೆಲಕ್ಕೆ ಅಂಟಿಕೊಂಡು ಮಲಗಿಬಿಟ್ಟಳು. ಮರುದಿನ ಎಲ್ಲೂ ಒದ್ದೆ ಇರಲಿಲ್ಲ. ಕಲಿತಳು ಅಂತ ಸಮಾಧಾನವಾಯಿತು. ನಾಲ್ಕನೇ ದಿನ ಟ್ರಂಕಿನ ಹಿಂದಿನಿಂದ ವಾಸನೆ ಬಂತು. ಮನೆಯಲ್ಲಿ ಮಾಡಬಾರದು ಅಂತ ಅವಳು ಕಲಿತಿರಲಿಲ್ಲ. ನನ್ನ ಕಣ್ಣೆದುರು ಮಾಡಬಾರದು ಅಂತ ಕಲಿತಿದ್ದಳು. ಹಿತ್ತಲಿಗೆ ಕರೆದುಕೊಂಡು ಹೋದರೂ ನಾನು ನಿಂತಿರೋ ತನಕ ಬಿಗಿಹಿಡಿದುಕೊಂಡಿರುತ್ತಿದ್ದಳು. ಒಳಗೆ ಬಂದಳೋ, ನೇರ ಟ್ರಂಕಿನ ಹಿಂದೆ.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಐದು ತಿಂಗಳಿದ್ದಾಗ ಗೇಟು ತೆರೆದಿತ್ತು, ಬೆಕ್ಕಿನ ಹಿಂದೆ ರಸ್ತೆಗೆ ಹಾರಿದಳು. "ಕೆಂಪಿ, ಬಾ!" ಅಂತ ಕೂಗಿದೆ. ನಡುರಸ್ತೆಯಲ್ಲಿ ನಿಂತಳು. ಒಂದು ಮುಂಗಾಲು ಎತ್ತಿ, ತಿರುಗಿ ನನ್ನ ಮುಖ ನೋಡಿದಳು. ಬರಲಿಲ್ಲ. ಆ ಕಡೆಯಿಂದ ಬಂದ ಟೆಂಪೋದವನು ಬ್ರೇಕ್ ಹಾಕಿದ, ಅದೇ ಪುಣ್ಯ. ನನ್ನ ತಂಗಿ ಗೇಟಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕರೆದಳು. ಕೆಂಪಿ ಅವಳ ಹತ್ತಿರ ಹೋದಳು. ತಂಗಿ ಅವಳ ಮೇಲೆ ಯಾವತ್ತೂ ಕೈ ಎತ್ತಿರಲಿಲ್ಲ.

ಉಚ್ಚೆಯ ಕೆಲಸ ನಿಜಕ್ಕೂ ಗಡಿಯಾರದ ಕೆಲಸ. ಎರಡು ತಿಂಗಳ ಮರಿ ಎರಡು, ಹೆಚ್ಚೆಂದರೆ ಮೂರು ಗಂಟೆ ತಡೆಯಬಹುದು. ಎದ್ದ ಕೂಡಲೇ, ಊಟವಾದ ಮೇಲೆ, ಆಟ ನಿಂತ ಮೇಲೆ ಎತ್ತಿಕೊಂಡು ಹೋಗಿ ದಿನಾ ಒಂದೇ ಜಾಗದಲ್ಲಿ ಬಿಡಿ. ರಾತ್ರಿ ಒಂದು ಸಲ ನೀವೂ ಏಳಲೇಬೇಕು. ಮಾಡಿ ಮುಗಿಸಿದ ಕ್ಷಣದಲ್ಲೇ ಒಂದು ಚೂರು ತಿಂಡಿ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಯಾತಕ್ಕೆ ಕೊಟ್ಟಿರಿ ಅಂತ ಅದಕ್ಕೆ ಗೊತ್ತಾಗೋದಿಲ್ಲ. ಒಳಗೆ ಮಾಡಿದ ಜಾಗಕ್ಕೆ ಫಿನಾಯಿಲ್ ಬೇಡ, ಮರಿ ನೆಲ ನೆಕ್ಕುತ್ತೆ. ಸೋಪಿನ ನೀರಿನಿಂದ ಒರೆಸಿ, ಮೇಲೆ ವಿನೆಗರ್ ಬೆರೆಸಿದ ನೀರು ಸಾಕು. ವಾಸನೆ ಉಳಿದರೆ ಮತ್ತೆ ಅಲ್ಲೇ ಹೋಗುತ್ತೆ.

ಕಚ್ಚೋದು ಸಂಜೆಯೇ ಜಾಸ್ತಿ ಅಂದಿರಲ್ಲ, ಅದು ಬಹಳ ಮಟ್ಟಿಗೆ ನಿದ್ದೆಗೆಟ್ಟ ಮರಿಯ ಲಕ್ಷಣ. ಈ ವಯಸ್ಸಿಗೆ ದಿನಕ್ಕೆ 18 ಗಂಟೆಯಾದರೂ ನಿದ್ದೆ ಬೇಕು. ಮನೆತುಂಬ ಮಂದಿ, ಮಕ್ಕಳು ಎತ್ತಿ ಎತ್ತಿ ಆಡಿಸುತ್ತಿದ್ದರೆ ಎಲ್ಲಿಂದ ಬರಬೇಕು? ಮಧ್ಯಾಹ್ನ ಒಂದು ಮೂಲೆಯಲ್ಲಿ ಹಳೇ ಚಾದರ ಹಾಸಿ, ಅಲ್ಲಿ ಮಲಗಿದಾಗ ಯಾರೂ ಮುಟ್ಟಬಾರದು ಅಂತ ಮಗಳಿಗೂ ಹೇಳಿ. ಹಲ್ಲು ತಾಗಿದ ಕೂಡಲೇ ಆಟ ನಿಲ್ಲಿಸಿ ಎದ್ದುಬಿಡಿ. ಕಿರುಚಬೇಡಿ, ಕೈ ಎಳೆದಾಡಬೇಡಿ, ಅದೂ ಆಟ ಅಂದುಕೊಳ್ಳುತ್ತೆ. ಕಚ್ಚಲಿಕ್ಕೆ ಬೇರೆ ಏನಾದರೂ ಕೊಡಿ. ನಾವು ಹಳೇ ಟವೆಲ್ ಗಂಟು ಹಾಕಿ, ಒದ್ದೆ ಮಾಡಿ ಫ್ರೀಜರಿನಲ್ಲಿಟ್ಟು ಕೊಡುತ್ತಿದ್ದೆವು. ಹಾಲುಹಲ್ಲು 28. ನಾಲ್ಕನೇ ತಿಂಗಳಿಂದ ಉದುರಲು ಶುರುವಾಗಿ, ಆರೇಳು ತಿಂಗಳಿಗೆ 42 ಹಲ್ಲು ಬರುತ್ತವೆ. ಆಗ ಒಸಡು ಕೆರೆತ ಇನ್ನೂ ಹೆಚ್ಚು. ಚಪ್ಪಲಿಗಳನ್ನು ಈಗಲೇ ಮೇಲಿಡಿ.

ಲಸಿಕೆ ಈ ವಾರವೇ ಶುರು ಮಾಡಿಸಿ. ಪಾರ್ವೊ, ಡಿಸ್ಟೆಂಪರ್ ಅನ್ನೋ ವೈರಸ್ ರೋಗಗಳ ಲಸಿಕೆಯನ್ನು ಮೂರು ನಾಲ್ಕು ವಾರಕ್ಕೊಮ್ಮೆ ಮರಿಗೆ 16 ವಾರ ತುಂಬುವ ತನಕ ಹಾಕಿಸಬೇಕು. ರೇಬಿಸ್‌ದು ಮೂರು ತಿಂಗಳ ವಯಸ್ಸಿಗೆ. ಜಂತುಹುಳದ ಔಷಧಿಯನ್ನೂ ಕೇಳಿ. ವಾಂತಿಯ ಜತೆ ರಕ್ತಭೇದಿ ಆದರೆ ಮನೆಮದ್ದು ಮಾಡುತ್ತ ಕೂರಬೇಡಿ, ಪಾರ್ವೊ ಒಂದೆರಡು ದಿನದಲ್ಲಿ ಮರಿಯನ್ನು ಒಯ್ದುಬಿಡುತ್ತೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತೆ. ಹಾಗಾಗಿ ಲಸಿಕೆ ಮುಗಿಯುವ ತನಕ ಬೇರೆ ನಾಯಿಗಳು ಓಡಾಡೋ ನೆಲಕ್ಕೆ ಬಿಡಬೇಡಿ.

ಹಾಗಂತ ಮನೆಯೊಳಗೇ ಮುಚ್ಚಿಡಲೂಬೇಡಿ, ಅದೂ ತಪ್ಪು. ಮೂರೂವರೆ ತಿಂಗಳ ಒಳಗೆ ಕಂಡಿದ್ದು, ಕೇಳಿದ್ದು ಮರಿಗೆ ಜೀವನಪೂರ್ತಿ ಸಹಜ ಅನಿಸುತ್ತೆ. ಎತ್ತಿಕೊಂಡು ಸುತ್ತಾಡಿಸಿ. ಆಟೋ, ಹೆಲ್ಮೆಟ್ ಹಾಕಿದವರು, ಕೊಡೆ, ಸಿಲಿಂಡರ್ ಉರುಳಿಸೋ ಸದ್ದು, ಗುಡಿಯ ಗಂಟೆ. ದೂರದಿಂದ, ತಿಂಡಿ ಕೊಡುತ್ತ. ಕೆಂಪಿಗೆ ನಾವು ಇದನ್ನು ಮಾಡಲಿಲ್ಲ. ಇವತ್ತಿಗೂ ದೀಪಾವಳಿಯ ಮೂರು ದಿನ ಬಚ್ಚಲಮನೆಯಲ್ಲಿ ನಡುಗುತ್ತ ಕೂರುತ್ತಾಳೆ. ಯಾರಾದರೊಬ್ಬರು ಜತೆಗೆ ಕೂರುತ್ತೇವೆ.

ಊಟಕ್ಕೆ ಒದ್ದಾಡಬೇಕಿಲ್ಲ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಅನ್ನ, ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ ನಡೆಯುತ್ತೆ. ಆದರೆ ಬರೀ ಹಾಲು ರೊಟ್ಟಿ ಸಾಲದು. ಹಸುವಿನ ಹಾಲಿಗೆ ಎಷ್ಟೋ ಮರಿಗಳಿಗೆ ಭೇದಿಯಾಗುತ್ತೆ. ಬೆಳೆಯೋ ಮರಿಗೆ ಸುಣ್ಣದ ಅಂಶವೂ (ಕ್ಯಾಲ್ಸಿಯಂ) ಬೇಕು, ಎಷ್ಟು ಅಂತ ಡಾಕ್ಟರನ್ನೇ ಕೇಳಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟ್, ಬೇಯಿಸಿದ ಮೂಳೆ ಬೇಡವೇ ಬೇಡ. ಮುಧೋಳದ ಮೈಕಟ್ಟು ಬಂದರೆ ದೊಡ್ಡದಾದ ಮೇಲೂ ಪಕ್ಕೆಲುಬು ಒಂದೆರಡು ಕಾಣುತ್ತವೆ. "ಊಟ ಹಾಕಲ್ವಾ?" ಅಂತ ದಾರಿಯಲ್ಲಿ ಹೋಗೋರೆಲ್ಲ ಕೇಳುತ್ತಾರೆ. ಅವರ ಮಾತು ಕೇಳಿ ತುಂಬಿಸಬೇಡಿ.

"ಕಂತ್ರಿ" ಅನ್ನೋ ಮಾತು ನನಗೆ ನೋವು ಕೊಡುತ್ತೆ. ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂತು, ನಮಗೆಲ್ಲ ಹೆಮ್ಮೆ. ಆದರೆ ಸಿಕ್ಕಿದ್ದು ತಿಂದು, ಗಾಡಿಗಳ ನಡುವೆ ಜೀವ ಉಳಿಸಿಕೊಂಡು, ಮನುಷ್ಯರ ಮುಖ ನೋಡಿಯೇ ಮನಸ್ಸು ಓದೋ ಆ ತಾಯಿಯ ಬುದ್ಧಿಯೂ ನಿಮ್ಮ ಮರಿಯಲ್ಲಿದೆ. ಕಲಿಯೋದಿಲ್ಲ ಅನ್ನೋದು ಶುದ್ಧ ಸುಳ್ಳು. ತಂದೆಯ ಕಡೆಯಿಂದ ಬರೋದು ಮಾತ್ರ ನೆನಪಿರಲಿ: ಮುಧೋಳ ಕಣ್ಣಲ್ಲಿ ನೋಡಿ ಬೆನ್ನಟ್ಟೋ ಬೇಟೆನಾಯಿ. ಓಡೋ ಬೆಕ್ಕು, ಕೋಳಿ, ಅಳಿಲು ಕಂಡರೆ ಕಿವಿ ಮುಚ್ಚಿಹೋಗುತ್ತೆ. ಕಾಂಪೌಂಡ್ ಇಲ್ಲದ ಜಾಗದಲ್ಲಿ ಹಗ್ಗ ಬಿಚ್ಚಬೇಡಿ.

ಅದಕ್ಕೇ "ಬಾ" ಅನ್ನೋದೊಂದನ್ನು ಎಲ್ಲಕ್ಕಿಂತ ಮೊದಲು ಕಲಿಸಿ. ಬೈಯಲಿಕ್ಕೆ, ಸ್ನಾನಕ್ಕೆ, ಔಷಧಿಗೆ ಆ ಮಾತಿನಿಂದ ಕರೆಯಬೇಡಿ, ನೀವೇ ಹೋಗಿ ಎತ್ತಿಕೊಂಡು ಬನ್ನಿ. ಎಷ್ಟು ತಡವಾಗಿ ಬಂದರೂ ಬಂದಾಗ ಮುದ್ದಿಸಿ. ಕೆಂಪಿಗೆ ಹಳೇ "ಬಾ" ಕೆಟ್ಟುಹೋಗಿತ್ತು. "ಇಲ್ಲಿ" ಅಂತ ಹೊಸ ಮಾತು ಇಟ್ಟುಕೊಂಡು, ದಿನಕ್ಕೆ ಹತ್ತು ಸಲ, ಹತ್ತು ಚೂರು ಮೊಟ್ಟೆ. ಮೊದಲು ಮನೆಯೊಳಗೆ, ಆಮೇಲೆ ಹಿತ್ತಲಲ್ಲಿ, ಆಮೇಲೆ ಉದ್ದ ಹಗ್ಗ ಕಟ್ಟಿ ಮೈದಾನದಲ್ಲಿ. ನಾನು ಕೈ ಚಾಚಿದಾಗ ಅವಳು ತಲೆ ತಗ್ಗಿಸದೆ ಬರಲು ನಾಲ್ಕು ತಿಂಗಳು ಹಿಡಿಯಿತು.

ನಿಮ್ಮ ಮರಿಗೆ ಅಷ್ಟು ದಿನ ಬೇಕಾಗಲ್ಲ, ಇನ್ನೂ ಯಾರೂ ಹೊಡೆದಿಲ್ಲವಲ್ಲ. ಮಗಳ ಕೈ ವಾಸಿಯಾದ ಮೇಲೆ ಅವಳನ್ನೇ ಕೂರಿಸಿ. ನೀವು ಪಕ್ಕದಲ್ಲೇ ಇರಿ. ಉಗುರಿನಷ್ಟು ಮೊಟ್ಟೆಯ ಚೂರು ಅಂಗೈ ಮೇಲೆ, ಅಂಗೈ ಚಪ್ಪಟೆಯಾಗಿ, ಒಂದೇ ಸಲ ಕರೆಯಲಿ. ಬರೋ ತನಕ ಕಾಯಲಿ.